ಮೌನವಾದ ಕಂಪ್ಯೂಟರ್

ನಿಮ್ಮ ಮನೆಯ ಕಂಪ್ಯೂಟರ್ ಒಂದು ದಿನ ಇದ್ದಕ್ಕಿದ್ದಂತೆ ಸದ್ದು ನಿಲ್ಲಿಸಿತೆನ್ನಿ. ಚಿತ್ರ ಕಾಣುತ್ತದೆ, ಅಕ್ಷರ ಮೂಡುತ್ತದೆ, ಮೌಸ್ ಓಡಾಡುತ್ತದೆ. ಸ್ವರ ಮಾತ್ರ ಇಲ್ಲ. ಆಗ ನೀವು ಮೊದಲು ಏನು ಮಾಡುತ್ತೀರಿ? ನಾನು ಏನು ಮಾಡಿದೆನೆಂದು ಹೇಳಲು ಸಂಕೋಚವಾಗುತ್ತದೆ. ನಾನು ಮೊದಲು ನನ್ನ ಮಗಳಿಗೆ ಬೈದೆ. ಕಂಪ್ಯೂಟರನ್ನು ನೋಡಿದ್ದು ಆಮೇಲೆ, ಅದೂ ಐದು ದಿನ ಕಳೆದ ಮೇಲೆ.

ನಾನು ಕಂಪ್ಯೂಟರ್ ಕಲಿತವಳಲ್ಲ, ಸಹೋದರಿಯರೇ. ಮದ್ರಸದಲ್ಲಿ ಓದಿ, ಮದುವೆಯಾಗಿ ಮಕ್ಕಳಾದ ಮೇಲೆ ಅಂಚೆ ಶಿಕ್ಷಣದ ಮೂಲಕ ಬಿ.ಎ. ಮುಗಿಸಿದವಳು. ಈಗ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಯಂತ್ರಗಳೆಂದರೆ ಮಿಕ್ಸಿ, ಗ್ರೈಂಡರ್, ಬಾವಿಯ ಪಂಪು. ಅಲ್ಲಿಗೆ ನನ್ನ ಪರಿಚಯ ಮುಗಿಯುತ್ತದೆ. ಆದುದರಿಂದ ಇದನ್ನು ತಜ್ಞೆಯ ಸಲಹೆಯೆಂದು ತಿಳಿಯಬೇಡಿ. ನಿಮ್ಮ ಪಕ್ಕದ ಮನೆಯಾಕೆ ಅಂಗಳದಲ್ಲಿ ಕುಳಿತು ಹೇಳಿದಳೆಂದು ತಿಳಿಯಿರಿ.

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು 2020ರಲ್ಲಿ, ಕೊರೋನಾದಿಂದಾಗಿ ಶಾಲೆಗಳು ಮುಚ್ಚಿ ಪಾಠಗಳೆಲ್ಲ ಆನ್‌ಲೈನ್ ಆದಾಗ. ಆಗ ಅದು ಮಕ್ಕಳ ಶಾಲೆಯಾಗಿತ್ತು. ಆಮೇಲೆ ಹಿರಿಮಗ ಡಿಪ್ಲೊಮಾ ಮುಗಿಸಿ ಕುವೈತಿಗೆ ಹೋದ. ಅಂದಿನಿಂದ ಅದು ನನ್ನ ಅತ್ತೆಯ ಕಂಪ್ಯೂಟರ್ ಆಯಿತು. ನೀವು ನಗಬೇಡಿ. ಎಪ್ಪತ್ತೆಂಟು ವರ್ಷದ, ಮೌಸನ್ನು ಒಮ್ಮೆಯೂ ಮುಟ್ಟದ ನನ್ನ ಅತ್ತೆಗಾಗಿಯೇ ನಾವು ಅದನ್ನು ಒರೆಸಿ, ಮುಚ್ಚಿ ಕಾಪಾಡುತ್ತಿದ್ದುದು. ಉಮ್ಮನಿಗೆ (ಅತ್ತೆಯನ್ನು ನಾನು ಹಾಗೆಯೇ ಕರೆಯುತ್ತೇನೆ) ಎರಡೂ ಕಣ್ಣು ಮಂಜು. ಕಿವಿಗೆ ಯಂತ್ರ ಹಾಕಿದ್ದಾರೆ. ಮೊಬೈಲನ್ನು ಕಿವಿಯ ಹತ್ತಿರ ತಂದರೆ ಆ ಯಂತ್ರ ಕುಂಯ್ ಎಂದು ಕೂಗುತ್ತದೆ, ಅವರು ಬೆಚ್ಚಿಬಿದ್ದು ಮೊಬೈಲನ್ನು ದೂರ ಸರಿಸುತ್ತಾರೆ. ಆದರೆ ಕಂಪ್ಯೂಟರಿನ ಎರಡು ಸ್ಪೀಕರುಗಳನ್ನು ಆಚೀಚೆ ಇಟ್ಟು ಎದುರಿಗೆ ಕುರ್ಚಿ ಹಾಕಿ ಕೂರಿಸಿದರೆ ಮೊಮ್ಮಗನ ಮಾತು ಒಂದಕ್ಷರ ತಪ್ಪದೆ ಕೇಳುತ್ತದೆ. ಕುವೈತಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಆದುದರಿಂದ ಪ್ರತಿ ಶುಕ್ರವಾರ ಇಲ್ಲಿ ಇಶಾ ನಮಾಝ್ ಮುಗಿಸಿ ಎಂಟೂವರೆಗೆ ಕೂತರೆ ಅಲ್ಲಿ ಸಂಜೆ ಆರು. ಉಮ್ಮ ಆ ದಿನ ಏಳು ಗಂಟೆಗೇ ತಲೆವಸ್ತ್ರ ಸರಿಪಡಿಸಿಕೊಂಡು ಸಿದ್ಧರಾಗುತ್ತಿದ್ದರು.

2023ರ ಮಳೆಗಾಲದ ಒಂದು ಶುಕ್ರವಾರ ಮಗನ ಮುಖ ಕಂಡಿತು, ತುಟಿ ಅಲುಗಾಡಿತು, ಸ್ವರ ಬರಲಿಲ್ಲ. ಉಮ್ಮನಿಗೆ ಮುಖ ಕಾಣದು. ಅವರ ಪಾಲಿಗೆ ಅಲ್ಲಿ ಏನೂ ಇರಲಿಲ್ಲ. “ಮಾತಾಡು ಮೋನೇ, ಮಾತಾಡು” ಎಂದು ಅವರು ಕತ್ತಲೆಗೆ ಹೇಳುವವರಂತೆ ಹೇಳುತ್ತಲೇ ಇದ್ದರು. ಅಲ್ಲಿ ಅವನಿಗೆ ಅಜ್ಜಿಯ ಮಾತು ಕೇಳುತ್ತಿತ್ತು. ಅವನು ಕೈ ಬೀಸುತ್ತಿದ್ದ, ಕಿವಿ ತೋರಿಸುತ್ತಿದ್ದ. ಕೊನೆಗೆ ಮೊಬೈಲಿಗೆ ಕರೆ ಮಾಡಿದ. ಕಿವಿಯ ಯಂತ್ರ ಕೂಗಿತು. ಉಮ್ಮ ಊಟ ಮಾಡದೆ ಮಲಗಿದರು.

ಆ ಬೇಸರವೆಲ್ಲ ಯಾರ ಮೇಲಾದರೂ ಬೀಳಬೇಕಿತ್ತು. ಪಿಯುಸಿ ಓದುವ ಮಗಳು ಅಂದು ಬೆಳಗ್ಗೆ ಬಟ್ಟೆ ಹಿಡಿದು ಕಂಪ್ಯೂಟರಿನ ಹಿಂದೆಲ್ಲ ಧೂಳು ಒರೆಸಿದ್ದಳು. ಒರೆಸು ಎಂದವಳು ನಾನೇ. “ನೀನು ಯಾವ ವಯರನ್ನು ಎಳೆದೆಯೋ, ಹಾಳು ಮಾಡಿಟ್ಟೆ” ಎಂದೆ. “ನಾನೇನೂ ಮಾಡಿಲ್ಲ ಉಮ್ಮ, ಒಮ್ಮೆ ನೋಡುತ್ತೇನೆ” ಎಂದಳು. “ಇನ್ನು ನೋಡಿ ಇದ್ದದ್ದನ್ನೂ ಕೆಡಿಸಬೇಡ” ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಂಪ್ಯೂಟರಿನ ಪಾಸ್‌ವರ್ಡನ್ನೂ ಬದಲಾಯಿಸಿದೆ.

ಒಂದು ವಿಷಯ ಆಗ ನನಗೆ ಹೊಳೆಯಲಿಲ್ಲ. ಹಿಂದಿನ ರಾತ್ರಿ ಅದೇ ಕಂಪ್ಯೂಟರಿನಲ್ಲಿ ಒಂದು ಗಂಟೆ ಕ್ರಿಕೆಟ್ ಆಟ ಆಡಿದವನು ನಮ್ಮ ಕಿರಿಮಗ. ಅವನನ್ನು ನಾನು ಒಂದು ಮಾತೂ ಕೇಳಲಿಲ್ಲ. ಗಂಡುಮಗು ಕೈಯಾಡಿಸಿದರೆ ಯಂತ್ರ ಕೆಡುವುದಿಲ್ಲ, ಹೆಣ್ಣುಮಗಳು ಒರೆಸಿದರೆ ಕೆಡುತ್ತದೆ ಎಂದು ನನಗೆ ಯಾರು ಕಲಿಸಿದರು? ಇಷ್ಟು ವರ್ಷ ಹುಡುಗಿಯರಿಗೇ ಪಾಠ ಮಾಡಿಕೊಂಡು ಬಂದವಳು ನಾನು. ಸಾಕ್ಷಿಯಿಲ್ಲದೆ ಯಾರ ಮೇಲೂ ಸಂಶಯಪಡಬಾರದೆಂದು ವರ್ಷಕ್ಕೊಮ್ಮೆಯಾದರೂ ತರಗತಿಯಲ್ಲಿ ವಿವರಿಸುವವಳು.

ಮರುದಿನ ಪತಿ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯವರು ಕಂಪ್ಯೂಟರನ್ನು ನೋಡದೆಯೇ, “ಸೌಂಡ್ ಚಿಪ್ ಹೋಗಿರಬೇಕು. ಅದು ಬೋರ್ಡಿನಲ್ಲೇ ಇರುವುದು, ಬೋರ್ಡ್ ಬದಲಿಸಬೇಕಾದೀತು, ಐದೂವರೆ ಸಾವಿರದಷ್ಟು ಆಗುತ್ತದೆ, ತಂದುಕೊಡಿ” ಎಂದರಂತೆ. ತಿಂಗಳ ಕೊನೆ. ಸಂಬಳ ಬರಲಿ ಎಂದು ಪತಿ ಸುಮ್ಮನಾದರು. ಅಂಗಡಿಯವರನ್ನು ದೂರುವುದಿಲ್ಲ. ಅವರಾದರೂ ದೂರದಲ್ಲಿದ್ದುಕೊಂಡು ಊಹಿಸಿದರು. ನಾನು ಎದುರಲ್ಲೇ ಇದ್ದು ಊಹಿಸಿದವಳು.

ಆ ವಾರ ಮನೆಯಲ್ಲಿ ಎರಡು ಮೌನಗಳಿದ್ದವು. ಮಗಳು ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತಿದ್ದಳು. ಕಂಪ್ಯೂಟರಿನಲ್ಲಿ ಕೇಳುತ್ತಿದ್ದ ಭೌತಶಾಸ್ತ್ರದ ಪಾಠಗಳನ್ನು ನಿಲ್ಲಿಸಿ ಪುಸ್ತಕ ಹಿಡಿದು ಕೋಣೆಯಲ್ಲಿ ಕೂರುತ್ತಿದ್ದಳು. ಉಮ್ಮನಾದರೋ ದಿನಕ್ಕೊಮ್ಮೆ, “ಅವನಿಗೆ ನನ್ನ ಮೇಲೇನಾದರೂ ಬೇಸರವಾ?” ಎಂದು ಕೇಳುತ್ತಿದ್ದರು. ಯಂತ್ರ ಕೆಟ್ಟದ್ದು ಎಂದು ಎಷ್ಟು ಹೇಳಿದರೂ ತಲೆಯಾಡಿಸಿ, ಮರುದಿನ ಮತ್ತೆ ಅದನ್ನೇ ಕೇಳುತ್ತಿದ್ದರು.

ಬುಧವಾರ ಬೆಳಗ್ಗೆ ಅಡುಗೆಮನೆಯ ನಲ್ಲಿಯಲ್ಲಿ ನೀರು ನಿಂತಿತು. ನಾವು ಹೆಂಗಸರು ಆಗ ಏನು ಮಾಡುತ್ತೇವೆ? ಬಾವಿ ತೋಡುವವರನ್ನು ಕರೆಯುತ್ತೇವೆಯೇ? ಇಲ್ಲ. ಬಚ್ಚಲಿನ ನಲ್ಲಿ ತಿರುಗಿಸಿ ನೋಡುತ್ತೇವೆ. ಅಲ್ಲಿ ಬಂದರೆ ತೊಂದರೆ ಅಡುಗೆಮನೆಯ ಪೈಪಿನಲ್ಲಿ. ಅಲ್ಲೂ ಬಾರದಿದ್ದರೆ ಟ್ಯಾಂಕಿ ನೋಡುತ್ತೇವೆ. ಟ್ಯಾಂಕಿ ತುಂಬಿದ್ದರೆ ವಾಲ್ವ್, ಬರಿದಾಗಿದ್ದರೆ ಪಂಪು. ನಾನೂ ಹಾಗೆಯೇ ಹುಡುಕಿದೆ. ಹಿಂದಿನ ದಿನ ಟ್ಯಾಂಕಿ ತೊಳೆದ ಕೆಲಸದವರು ಅಡುಗೆಮನೆಯ ವಾಲ್ವ್ ತೆರೆಯಲು ಮರೆತಿದ್ದರು. ತಿರುಗಿಸಿದೆ, ನೀರು ಬಂತು. ಕೈ ಒರೆಸುತ್ತಾ ನಿಂತಾಗ ಮನಸ್ಸಿಗೆ ಬಂತು: ಕಂಪ್ಯೂಟರಿನ ಸದ್ದೂ ಎಲ್ಲಿಂದಲೋ ಹೊರಟು ಎಲ್ಲಿಗೋ ಬರುವ ವಸ್ತುವಲ್ಲವೇ? ಅದಕ್ಕೂ ಟ್ಯಾಂಕಿ, ಪೈಪು, ವಾಲ್ವ್, ನಲ್ಲಿ ಇರಬೇಕಲ್ಲವೇ?

ಅಂದು ರಾತ್ರಿ ಎಲ್ಲರೂ ಉಂಡ ಮೇಲೆ ಕಂಪ್ಯೂಟರಿನ ಮುಂದೆ ಕುಳಿತೆ. ನಲ್ಲಿಯಿಂದಲೇ ಶುರು ಮಾಡಿದೆ, ಅಂದರೆ ಸ್ಪೀಕರಿನಿಂದ. ಅದರ ದೀಪ ಉರಿಯುತ್ತಿತ್ತು. ವಿದ್ಯುತ್ ಇದೆ ಎಂದಾಯಿತು. ಸ್ಪೀಕರಿನಲ್ಲೇ ಇರುವ ತಿರುಗಣಿಯನ್ನು ಯಾರಾದರೂ ಪೂರ್ತಿ ಇಳಿಸಿದ್ದಾರೆಯೇ ಎಂದು ನೋಡಿದೆ, ಇಲ್ಲ. ಕಂಪ್ಯೂಟರ್ ಪೆಟ್ಟಿಗೆಯ ಹಿಂಭಾಗದಿಂದ ಸ್ಪೀಕರಿನ ಪಿನ್ನನ್ನು ಕಿತ್ತು ನನ್ನ ಹಳೆಯ ಮೊಬೈಲಿನ ಇಯರ್‌ಫೋನ್ ತೂತಿಗೆ ಹಾಕಿ ಒಂದು ಧ್ವನಿಮುದ್ರಣ ಹಚ್ಚಿದೆ. ಸ್ಪೀಕರ್ ಗಟ್ಟಿಯಾಗಿ ಮಾತಾಡಿತು! ಸಹೋದರಿಯರೇ, ಇಷ್ಟು ಮಾಡಲು ಎರಡು ನಿಮಿಷ ಸಾಕು, ಖರ್ಚು ಏನೂ ಇಲ್ಲ. ಈ ಒಂದು ಪರೀಕ್ಷೆಯಿಂದ ಅರ್ಧ ದಾರಿ ಮುಗಿಯುತ್ತದೆ. ಸ್ಪೀಕರ್ ಸರಿಯಿದೆ, ತಂತಿ ಸರಿಯಿದೆ, ಪಿನ್ನೂ ಸರಿಯಿದೆ ಎಂದು ಒಟ್ಟಿಗೇ ತಿಳಿಯುತ್ತದೆ.

ಪಿನ್ನನ್ನು ಮರಳಿ ಹಾಕುವಾಗ ಗಮನವಿರಲಿ. ಪೆಟ್ಟಿಗೆಯ ಹಿಂದೆ ಒಂದೇ ಅಳತೆಯ ಮೂರು ತೂತುಗಳಿರುತ್ತವೆ. ಹಸಿರು ಬಣ್ಣದ್ದು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನಿಂದ ಸದ್ದನ್ನು ಒಳಗೆ ತರುವುದಕ್ಕೆ. ಗುಲಾಬಿಯಲ್ಲಿ ಸ್ಪೀಕರ್ ಸಿಕ್ಕಿಸಿ ಅಂಗಡಿಗೆ ಓಡಿದವರು ಎಷ್ಟೋ ಮಂದಿ. ಮಗಳು ಒರೆಸುವಾಗ ಹಾಗೇನಾದರೂ ಆಗಿರಬಹುದೆಂದು ನಾನು ಟಾರ್ಚ್ ಹಿಡಿದು ನೋಡಿಯೇ ಕಿತ್ತಿದ್ದೆ. ಪಿನ್ ಹಸಿರಿನಲ್ಲೇ ಇತ್ತು. ಆ ಕ್ಷಣವೇ ನನ್ನ ಆರೋಪದ ಬುಡ ಅಲುಗಾಡಿತು. ಆದರೆ ಮನುಷ್ಯರ ಅಹಂ ನೋಡಿ, ಒಳಗೆ ಬೇರೇನಾದರೂ ಮಾಡಿರಬಹುದು ಎಂದೇ ಅಂದುಕೊಂಡೆ.

ಇನ್ನು ಟ್ಯಾಂಕಿಯ ಕಡೆ. ತೆರೆಯ ಕೆಳಗೆ ಬಲಮೂಲೆಯಲ್ಲಿ, ಗಡಿಯಾರದ ಪಕ್ಕ, ಪುಟ್ಟ ಸ್ಪೀಕರಿನ ಚಿತ್ರವಿರುತ್ತದೆ. ಅದರ ಮೇಲೆ ಅಡ್ಡಗೆರೆ ಅಥವಾ ಗುಣಿಸುವ ಚಿಹ್ನೆ ಇದ್ದರೆ ಸದ್ದನ್ನು ಮುಚ್ಚಲಾಗಿದೆ ಎಂದು ಅರ್ಥ. ನಮ್ಮದರಲ್ಲಿ ಇರಲಿಲ್ಲ. ಅದನ್ನು ಒತ್ತಿದಾಗ ಬರುವ ಪಟ್ಟಿಯಲ್ಲಿ ಸದ್ದು ಎಂಬತ್ತಕ್ಕೆ ಇತ್ತು. ಒಂದು ವೀಡಿಯೋ ಹಚ್ಚಿದೆ. ಎಲ್ಲವೂ ಸರಿ, ಸ್ವರ ಇಲ್ಲ. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ತಿರುಗಿ ನೋಡಿದರೆ ಮಗಳು ಬಾಗಿಲಲ್ಲಿ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದಲೋ.

“ಉಮ್ಮ, ಆ ಪಟ್ಟಿಯ ಮೇಲೆ ಒಂದು ಹೆಸರಿದೆಯಲ್ಲ, ಅದೇನು?” ಎಂದು ಅಲ್ಲಿಂದಲೇ ಕೇಳಿದಳು. ಒಳಗೆ ಬರಲಿಲ್ಲ.

ಓದಿದೆ. ಇಂಗ್ಲಿಷಿನಲ್ಲಿ ಏನೋ ಡಿಸ್‌ಪ್ಲೇ ಆಡಿಯೋ ಎಂದಿತ್ತು.

“ಡಿಸ್‌ಪ್ಲೇ ಅಂದರೆ ಮಾನಿಟರ್ ಅಲ್ಲವಾ ಉಮ್ಮ? ಮಾನಿಟರಿಗೆ ಸ್ಪೀಕರ್ ಎಲ್ಲಿದೆ?”

ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವಳು ಕೂತಳು. ಆ ಹೆಸರಿನ ಪಕ್ಕದ ಸಣ್ಣ ಬಾಣದ ಗುರುತನ್ನು ಒತ್ತಿದಳು. ಎರಡು ಹೆಸರುಗಳ ಪಟ್ಟಿ ಬಂತು: ಒಂದು ಆ ಮಾನಿಟರಿನದು, ಇನ್ನೊಂದು ಸ್ಪೀಕರ್, ರಿಯಲ್‌ಟೆಕ್ ಎಂದು. ಎರಡನೆಯದನ್ನು ಒತ್ತಿದಳು. ವೀಡಿಯೋದಲ್ಲಿದ್ದ ಮನುಷ್ಯ ಎಂಬತ್ತರ ಸದ್ದಿನಲ್ಲಿ ಒಮ್ಮೆಗೇ ಮಾತಾಡಿದಾಗ ಒಳಗೆ ಮಲಗಿದ್ದ ಪತಿ ಎದ್ದು ಕುಳಿತರು.

ಆದದ್ದಿಷ್ಟೇ. ಆ ಶುಕ್ರವಾರದ ಹಿಂದಿನ ಸಂಜೆ, ಗೆರೆ ಬೀಳುತ್ತಿದ್ದ ಹಳೆಯ ಮಾನಿಟರನ್ನು ತೆಗೆದು ಹೊಸದನ್ನು ಹಾಕಿಸಿದ್ದೆವು. ಅಂಗಡಿಯ ಹುಡುಗ ಬಂದು ಜೋಡಿಸಿ, ಚಿತ್ರ ಬಂತೆಂದು ನೋಡಿ, ಮಗ್ರಿಬ್‌ಗೆ ಮುಂಚೆ ಹೊರಟುಹೋಗಿದ್ದ. ಹಳೆಯ ಮಾನಿಟರಿನದ್ದು ನೀಲಿ ತಲೆಯ ವಿಜಿಎ ಕೇಬಲ್. ಅದರಲ್ಲಿ ಹರಿಯುವುದು ಚಿತ್ರ ಮಾತ್ರ. ಹೊಸದರದ್ದು ಎಚ್‌ಡಿಎಂಐ ಕೇಬಲ್. ಅದು ಚಿತ್ರ ಮತ್ತು ಸದ್ದು ಎರಡನ್ನೂ ಒಯ್ಯುತ್ತದೆ. ಹೊಸ ದಾರಿ ಕಂಡ ವಿಂಡೋಸ್ ಸದ್ದನ್ನು ತಾನಾಗಿಯೇ ಆ ಕಡೆಗೆ ತಿರುಗಿಸಿತ್ತು. ಆದರೆ ಆ ಮಾನಿಟರಿಗೆ ಸ್ಪೀಕರೇ ಇಲ್ಲ. ನೀರು ನಿಂತಿರಲಿಲ್ಲ ನೋಡಿ, ನಲ್ಲಿಯೇ ಇಲ್ಲದ ಪೈಪಿಗೆ ಹೋಗಿತ್ತು. ಕಿರಿಮಗನಿಗೆ ಇದು ಅಂದೇ ಗೊತ್ತಾಗಬೇಕಿತ್ತು. ಆದರೆ ಆಟದ ಸದ್ದು ಕೇಳಿದರೆ ನಾನು ಬೈಯುತ್ತೇನೆಂದು ಅವನು ಯಾವಾಗಲೂ ಸದ್ದಿಲ್ಲದೆಯೇ ಆಡುವವನು!

ಮಗಳ ಮುಂದೆ ನಿಂತು, “ನನ್ನದು ತಪ್ಪಾಯಿತು, ನೋಡದೆ ಹೇಳಿಬಿಟ್ಟೆ” ಎಂದೆ. ಮಕ್ಕಳ ಮುಂದೆ ತಪ್ಪೊಪ್ಪಿಕೊಂಡರೆ ಸಲುಗೆ ಹೆಚ್ಚುತ್ತದೆ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ನನ್ನ ಮಗಳು ಏನು ಹೇಳಿದಳು ಗೊತ್ತೇ? “ಆಯ್ತು ಉಮ್ಮ. ಹಾಗಾದರೆ ಪಾಸ್‌ವರ್ಡ್ ಹೇಳಿ.”

ಅಂದಿನಿಂದ ನಮ್ಮ ನೆಂಟರಲ್ಲಿ, ಶಾಲೆಯಲ್ಲಿ ಯಾರ ಕಂಪ್ಯೂಟರ್ ಮೌನವಾದರೂ ಕರೆ ನಮ್ಮ ಮನೆಗೆ ಬರುತ್ತದೆ. ನನಗಲ್ಲ, ಅವಳಿಗೆ. ನಾನು ಜೊತೆಗೆ ಹೋಗಿ ಚಹಾ ಕುಡಿದು ಬರುತ್ತೇನೆ. ಹಾಗೆ ಕಂಡದ್ದರಲ್ಲಿ ಕೆಲವನ್ನು ಹೇಳುತ್ತೇನೆ, ನಿಮಗೂ ಉಪಯೋಗವಾದೀತು.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಪಿನ್ನಿನ ತೂತಿನೊಳಗಿನ ಲೋಹ ಕಿಲುಬು ಹಿಡಿಯುವುದರಲ್ಲಿ ಆಶ್ಚರ್ಯವೇನು? ಒಂದು ಮನೆಯಲ್ಲಿ ಒಂದೇ ಬದಿಯ ಸ್ಪೀಕರ್ ಮಾತಾಡುತ್ತಿತ್ತು. ಪಿನ್ನನ್ನು ನಾಲ್ಕೈದು ಸಲ ಹೊರತೆಗೆದು ಒಳಹಾಕಿ, ಸ್ವಲ್ಪ ತಿರುಗಿಸಿದಾಗ ಇನ್ನೊಂದೂ ಮಾತಾಡಿತು. ಮತ್ತೊಂದು ಮನೆಯಲ್ಲಿ ಪೆಟ್ಟಿಗೆಯ ಮುಂಭಾಗದ ತೂತಿನಲ್ಲಿ ಇಯರ್‌ಫೋನ್ ಸಿಕ್ಕಿಸಿಯೇ ಇತ್ತು, ಅದರ ತಂತಿ ಮೇಜಿನ ಹಿಂದೆ ಬಿದ್ದು ಕಾಣುತ್ತಿರಲಿಲ್ಲ. ಇಯರ್‌ಫೋನ್ ಇದೆಯೆಂದು ತಿಳಿದರೆ ಕಂಪ್ಯೂಟರ್ ಸ್ಪೀಕರಿನ ಬಾಯಿ ಮುಚ್ಚಿಸುತ್ತದೆ. ನನ್ನ ತಂಗಿಯ ಲ್ಯಾಪ್‌ಟಾಪಿನ ಕಥೆ ಬೇರೆ. ಅವಳ ಬ್ಲೂಟೂತ್ ಇಯರ್‌ಫೋನ್ ಪಕ್ಕದ ಕೋಣೆಯ ಕಪಾಟಿನಲ್ಲಿತ್ತು, ಸದ್ದೆಲ್ಲ ಅಲ್ಲಿಗೆ ಹೋಗುತ್ತಿತ್ತು. ಕಪಾಟಿನಲ್ಲಿ ಯಾರೋ ಪಿಸುಗುಟ್ಟುತ್ತಾರೆಂದು ಅವಳ ಮಗು ಹೆದರಿ ಅತ್ತಿತ್ತು. ಶಾಲೆಯ ಪ್ರೊಜೆಕ್ಟರಿನದ್ದೂ ಇದೇ ಜಾತಿಯ ತೊಂದರೆ. ಎಚ್‌ಡಿಎಂಐ ಸಿಕ್ಕಿಸಿದೊಡನೆ ಲ್ಯಾಪ್‌ಟಾಪ್ ಮೌನವಾಗುತ್ತದೆ, ಸದ್ದು ಪ್ರೊಜೆಕ್ಟರಿಗೆ ಹೋಗಿರುತ್ತದೆ.

ಕರೆ ಬಂದಾಗ ಉಳಿದ ಸದ್ದುಗಳೆಲ್ಲ ಕುಗ್ಗಿಹೋಗುತ್ತವೆ ಎಂದು ಒಬ್ಬರು ದೂರಿದರು. ಅದು ದೋಷವಲ್ಲ. ಕರೆ ನಡೆಯುವಾಗ ಬೇರೆ ಸದ್ದುಗಳನ್ನು ಶೇಕಡ 80ರಷ್ಟು ತಗ್ಗಿಸುವ ವ್ಯವಸ್ಥೆ ವಿಂಡೋಸಿನೊಳಗೇ ಇದೆ. ಕಂಟ್ರೋಲ್ ಪ್ಯಾನೆಲ್‌ನ ಸೌಂಡ್ ವಿಭಾಗದಲ್ಲಿ ಕಮ್ಯೂನಿಕೇಶನ್ಸ್ ಎಂಬಲ್ಲಿಗೆ ಹೋಗಿ ಅದನ್ನು ಬೇಡವೆನ್ನಬಹುದು. ಹಾಗೆಯೇ, ಕಂಪ್ಯೂಟರ್ ಆನ್ ಮಾಡುವಾಗ ಮೊದಲಿನಂತೆ ರಾಗ ಬರುವುದಿಲ್ಲವೆಂದು ಗಾಬರಿಯಾದವರೂ ಇದ್ದಾರೆ. ವಿಂಡೋಸ್ 8ರಿಂದ ಆ ರಾಗವನ್ನು ಮುಚ್ಚಿಟ್ಟಿದ್ದರು, 2021ರಲ್ಲಿ ಬಂದ ವಿಂಡೋಸ್ 11ರಲ್ಲಿ ಮತ್ತೆ ತಂದರು. ನಿಮ್ಮದು 10 ಆಗಿದ್ದರೆ ಆರಂಭದ ಮೌನಕ್ಕೆ ಹೆದರಬೇಕಾಗಿಲ್ಲ. 11 ಆಗಿದ್ದರೆ, ನನ್ನ ಮಗಳು ಒತ್ತಿದ ಆ ಬಾಣದ ಗುರುತು ಸದ್ದಿನ ಪಟ್ಟಿಯ ಬಲತುದಿಯಲ್ಲಿರುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ಈಗಿನ ಹೆಚ್ಚಿನ ಕಂಪ್ಯೂಟರುಗಳು ಬೇಗ ಏಳಬೇಕೆಂದು ಶಟ್‌ಡೌನ್ ಮಾಡುವಾಗ ಒಂದಿಷ್ಟನ್ನು ನೆನಪಿಟ್ಟುಕೊಂಡೇ ಮಲಗುತ್ತವೆ, ಕೆಲವೊಮ್ಮೆ ರೋಗವನ್ನೂ ನೆನಪಿಟ್ಟುಕೊಳ್ಳುತ್ತವೆ. ರೀಸ್ಟಾರ್ಟ್‌ನಲ್ಲಿ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಅದಕ್ಕೂ ಆಗದಿದ್ದರೆ ಡಿವೈಸ್ ಮ್ಯಾನೇಜರ್ ತೆರೆದು, ಸೌಂಡ್ ಎಂಬ ಸಾಲಿನಲ್ಲಿರುವ ರಿಯಲ್‌ಟೆಕ್‌ನಂತಹ ಹೆಸರನ್ನು ಬಲಗುಂಡಿಯಿಂದ ಒತ್ತಿ, ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಬೇಕು. ಏಳುವಾಗ ಸಾಮಾನ್ಯವಾಗಿ ವಿಂಡೋಸ್ ಅದನ್ನು ಮರಳಿ ಜೋಡಿಸಿಕೊಳ್ಳುತ್ತದೆ. ಮೊದಲ ಸಲ ಇದನ್ನು ಮಾಡುವಾಗ ನನ್ನ ಕೈ ನಡುಗಿತ್ತು.

ಒಂದು ವೇಳೆ ಚಿಪ್ ನಿಜವಾಗಿಯೂ ಸತ್ತಿದ್ದರೆ? ಆಗಲೂ ಬೋರ್ಡ್ ಬದಲಿಸಬೇಕಾಗಿಲ್ಲ. ಮೊದಲಿನ ಕಂಪ್ಯೂಟರುಗಳಿಗೆ ಬೀಪ್ ಎನ್ನುವುದಕ್ಕಿಂತ ಹೆಚ್ಚು ಮಾತು ಬರುತ್ತಿರಲಿಲ್ಲ. ಸಿಂಗಾಪುರದ ಕ್ರಿಯೇಟಿವ್ ಸಂಸ್ಥೆ 1989ರಲ್ಲಿ ಸೌಂಡ್ ಬ್ಲಾಸ್ಟರ್ ಎಂಬ ಕಾರ್ಡ್ ತಂದಿತು. ಆಗ ಸದ್ದು ಬೇಕಾದವರು ಬೇರೆಯೇ ಕಾರ್ಡ್ ಕೊಂಡು ಒಳಗೆ ಸಿಕ್ಕಿಸಬೇಕಿತ್ತು. 1997ರಲ್ಲಿ ಇಂಟೆಲ್ ಒಂದು ಮಾನದಂಡ ರೂಪಿಸಿದ ಮೇಲೆ ಸದ್ದಿನ ಚಿಪ್ ಮೆಲ್ಲಮೆಲ್ಲನೆ ಬೋರ್ಡಿನ ಮೇಲೆಯೇ ಬಂದು ಕೂತಿತು. ಬೋರ್ಡ್ ಬದಲಿಸಿ ಎಂಬ ಮಾತು ಹುಟ್ಟುವುದು ಅದರಿಂದಲೇ. ಆದರೆ ಬೆರಳುದ್ದದ ಯುಎಸ್‌ಬಿ ಸೌಂಡ್ ಕಾರ್ಡ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಪೆನ್‌ಡ್ರೈವ್ ಹಾಕುವ ಕಡೆ ಸಿಕ್ಕಿಸಿ, ಸ್ಪೀಕರಿನ ಪಿನ್ನನ್ನು ಅದಕ್ಕೆ ಹಾಕಿದರೆ ಸಾಕು. ಅಂಗಡಿಗೆ ಹೋಗುವುದಾದರೂ ಇದನ್ನು ತಿಳಿದುಕೊಂಡು ಹೋಗಿ. ಸ್ಪೀಕರನ್ನು ಮೊಬೈಲಿಗೆ ಹಾಕಿ ನೋಡಿದ್ದೇವೆ, ಯಾವ ಹೆಸರು ಆಯ್ಕೆಯಾಗಿದೆಯೆಂದು ನೋಡಿದ್ದೇವೆ ಎಂದು ಹೇಳಿ. ಆಗ ಅವರು ನಿಮ್ಮೊಂದಿಗೆ ಮಾತಾಡುವ ರೀತಿಯೇ ಬದಲಾಗುವುದನ್ನು ಕಾಣುವಿರಿ.

ಆ ವಾರದ ಶುಕ್ರವಾರ ಬಂತು. ಉಮ್ಮನಿಗೆ ನಾವು ಏನೂ ಹೇಳಿರಲಿಲ್ಲ. ಇಶಾ ಆದ ಮೇಲೆ ಕುರ್ಚಿಯ ಹತ್ತಿರ ಕರೆದಾಗ, “ಅದು ಮಾತಾಡುವುದಿಲ್ಲವಲ್ಲ, ಯಾಕೆ ಸುಮ್ಮನೆ?” ಎಂದರು. ಆದರೂ ತಲೆವಸ್ತ್ರವನ್ನು ಸರಿಪಡಿಸಿಕೊಂಡೇ ಬಂದರು. ಮಗಳು ಮೌಸ್ ಹಿಡಿದಿದ್ದಳು. ಕರೆ ಬಂತು. ಹಿಂದಿನ ವಾರದ ನೆನಪಿನಲ್ಲಿ ಅಲ್ಲಿ ಮಗ ಗಂಟಲು ಹರಿಯುವಂತೆ ಸಲಾಂ ಹೇಳಿದ.

ಉಮ್ಮ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡರು. “ಬೊಬ್ಬೆ ಹಾಕಬೇಡ ಮೋನೇ, ನನಗೇನು ಕಿವಿ ಕೇಳುವುದಿಲ್ಲವಾ?” ಎಂದರು.

ಮಗಳು ನಗುತ್ತಾ ಸದ್ದನ್ನು ನಲವತ್ತಕ್ಕೆ ಇಳಿಸಿದಳು.